ಎರಿ ನೆಲದಾಗ ಬಿಳಿ ನಾಯಿ

ಬಾಗಲಕೋಟೆಯಿಂದ ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿಯ ಹಾದಿ ಹಿಡಿದರೆ ನಡುವೆ ತುಳಸಿಗೇರಿ. ಹನಮಪ್ಪನ ಗುಡಿಯಿಂದ ಹೆಸರಾದ ಊರು. ಸುತ್ತಲಿನ ಸೀಮೆಯಲ್ಲಿ ಕಪ್ಪು ಎರೆ ಹೊಲಗಳು, ನಡುನಡುವೆ ಕೆಂಪು ಮಸಾರಿ. ಮುಂಗಾರಿನ ಒಂದು ಹದ ಮಳೆ ಬಿದ್ದ ಮರುದಿನ ಹೊಲಕ್ಕೆ ಹೋಗಿ ಬಂದವರು ಮೊದಲು ಮಾಡುವ ಕೆಲಸ ಕಟ್ಟೆಯ ಅಂಚಿಗೆ ಚಪ್ಪಲಿ ಕೆರೆದು ಮಣ್ಣು ಬಿಡಿಸುವುದು. ಇಂಥ ಸೀಮೆಯಲ್ಲಿ ಅಚ್ಚ ಬಿಳಿ ನಾಯಿಯನ್ನು ಪಡಸಾಲೆಯಲ್ಲಿ ಸಾಕುವವರು ಎರಡು ದೂರು ಹೇಳುತ್ತಾರೆ. ಒಂದು, ಎಷ್ಟು ತೊಳೆದರೂ ಬೆಳ್ಳಗಾಗುವುದಿಲ್ಲ. ಇನ್ನೊಂದು, ಎಷ್ಟು ಹೇಳಿದರೂ ಕೇಳುವುದಿಲ್ಲ.

ಈ ಎರಡೂ ದೂರುಗಳ ಬೇರು ಒಂದೇ ಕಡೆ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮನುಷ್ಯನ ಕೈಯನ್ನು ನೆಚ್ಚದ ನಾಯಿಯ ಹೊಟ್ಟೆ ಕೆಳಗೆ ಹಣಿಗೆ ಆಡಿಸಲಾಗದು, ಕಾಲ್ಬೆರಳ ಸಂದಿ ನೋಡಲಾಗದು, ಕಣ್ಣು ಒರೆಸಲಾಗದು. ಆಗ ಉಳಿಯುವುದು ಇಬ್ಬರು ಹಿಡಿದುಕೊಂಡು, ಒಬ್ಬರು ನೀರು ಸುರಿದು ಮಾಡಿಸುವ ಜಳಕ. ಅಂಥ ಒಂದು ಜಳಕದಿಂದ ನಾಯಿ ಇನ್ನಷ್ಟು ಅಂಜುತ್ತದೆ, ಮುಂದಿನ ಸಲ ಹಲ್ಲು ತೋರಿಸುತ್ತದೆ.

ನಮ್ಮ ಕಡೆ ಪಾಮೇರಿಯನ್ ಎಂದು ಕರೆಯುವ ಬಿಳಿ, ದಟ್ಟ ಕೂದಲಿನ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ತಳಿಯವು. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫಿ ಇದೇ ಜಾತಿ. ಇದೇ ರಸ್ತೆಯಲ್ಲಿ ಲೋಕಾಪುರದ ಆಚೆ ಹೋದರೆ ಇನ್ನೊಂದು ಬಗೆಯ ನಾಯಿಯ ನಾಡು, ಮುಧೋಳ. ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ, 2005ರ ಜನವರಿಯಲ್ಲಿ ಅಂಚೆಚೀಟಿಯ ಮೇಲೂ ಬಂದ ಮುಧೋಳ ನಾಯಿಯ ಕೂದಲು ಗಿಡ್ಡ, ಮೈಗೆ ಅಂಟಿಕೊಂಡಿರುತ್ತದೆ. ಅದರಲ್ಲೂ ಬಿಳಿ, ಕೆನೆಬಣ್ಣದ ಮರಿಗಳು ಹುಟ್ಟುತ್ತವೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯ ನಡೆಸುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಸ್ಪಿಟ್ಜ್ ಮತ್ತು ಮುಧೋಳ, ಈ ಎರಡನ್ನೂ ಎದುರಿಗಿಟ್ಟುಕೊಂಡರೆ ಬಿಳಿ ಮೈಯ ವಿಚಾರ ಚೆನ್ನಾಗಿ ತಿಳಿಯುತ್ತದೆ.

ಬಿಳಿ ಎಂದರೆ ಬಣ್ಣ ಇಲ್ಲದಿರುವುದು. ಆದರೆ ಬಣ್ಣ ಇಲ್ಲದಾಗುವುದಕ್ಕೆ ನಾಯಿಗಳಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಸಾಕುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಕೂದಲಿಗೆ ಬಣ್ಣ ಕೊಡುವ ಮೆಲನಿನ್‌ನಲ್ಲಿ ಎರಡು ಬಗೆ. ಕಪ್ಪು, ಕಂದು ಕೊಡುವುದು ಯೂಮೆಲನಿನ್. ಕೆಂಪು, ಹಳದಿ ಕೊಡುವುದು ಫಿಯೋಮೆಲನಿನ್. ಎಂಸಿ1ಆರ್ ಎಂಬ ಜೀನಿನ ಎರಡೂ ಪ್ರತಿಗಳು ಕೆಲಸ ಮಾಡದಿದ್ದರೆ ಕೂದಲಲ್ಲಿ ಕಪ್ಪು ಬಣ್ಣ ತಯಾರಾಗುವುದಿಲ್ಲ, ನಾಯಿ ಕೆಂಚು ಅಥವಾ ಹಳದಿಯಾಗಬೇಕು. ಆ ಹಳದಿಯನ್ನೂ ಬೇರೆ ಜೀನುಗಳು ತಗ್ಗಿಸಿಬಿಟ್ಟರೆ ನಮ್ಮ ಕಣ್ಣಿಗೆ ನಾಯಿ ಬಿಳಿಯಾಗಿ ಕಾಣುತ್ತದೆ. ಹೀಗೆ ತಗ್ಗಿಸುವ ಜೀನುಗಳಲ್ಲಿ ಒಂದಾದ ಎಂಎಫ್‌ಎಸ್‌ಡಿ12 ಪತ್ತೆಯಾದದ್ದು 2019ರಲ್ಲಿ. ಮೂಗು, ಕಣ್ಣಂಚು ಕಪ್ಪಗಿದ್ದು ಮೈ ಮಾತ್ರ ಬಿಳಿಯಾಗಿರುವ ಸ್ಪಿಟ್ಜ್, ಸ್ಯಾಮೊಯೆಡ್‌ಗಳಂಥ ನಾಯಿಗಳ ಬಿಳುಪು ಈ ದಾರಿಯದು. ಅವುಗಳ ಚರ್ಮದಲ್ಲಿ ಬಣ್ಣದ ಕೋಶಗಳು ಇದ್ದ ಜಾಗದಲ್ಲೇ ಇರುತ್ತವೆ, ಕೂದಲಿಗೆ ಇಳಿಯುವ ಬಣ್ಣ ಮಾತ್ರ ತೆಳುವಾಗಿರುತ್ತದೆ. ಹಾಗಾಗಿ ಕಿವಿಯ ತುದಿಯಲ್ಲಿ, ಬೆನ್ನ ನಡುವೆ ತಿಳಿಹಳದಿ ಛಾಯೆ ಉಳಿಯುವುದುಂಟು. ಅದನ್ನು ಕೊಳೆಯೆಂದು ತಿಳಿದು ತಿಕ್ಕುವವರಿದ್ದಾರೆ. ಹುಟ್ಟಿನಿಂದ ಬಂದ ಬಣ್ಣ ಅದು, ಯಾವ ಶಾಂಪೂಗೂ ಹೋಗುವುದಿಲ್ಲ.

ಎರಡನೆಯ ದಾರಿಯಲ್ಲಿ ಬಣ್ಣದ ಕೋಶಗಳೇ ಚರ್ಮಕ್ಕೆ ಬಂದು ಸೇರುವುದಿಲ್ಲ. ಭ್ರೂಣ ಬೆಳೆಯುವಾಗ ಈ ಕೋಶಗಳು ಬೆನ್ನುಹುರಿಯ ಗುಂಟ ಇರುವ ನ್ಯೂರಲ್ ಕ್ರೆಸ್ಟ್ ಎಂಬ ಪಟ್ಟಿಯಿಂದ ಹೊರಟು ಹೊಟ್ಟೆ, ಕಾಲು, ಬಾಲದ ತುದಿಯವರೆಗೆ ಸಾಗಬೇಕು. ಎಂಐಟಿಎಫ್ ಎಂಬ ಜೀನಿನ ಕೆಲವು ರೂಪಗಳಿದ್ದಾಗ ಅವುಗಳ ಪಯಣ ಅರ್ಧಕ್ಕೇ ನಿಲ್ಲುತ್ತದೆ. ದೂರದ ಜಾಗಗಳು ಬಿಳಿಯಾಗಿಯೇ ಉಳಿಯುತ್ತವೆ. ಬೀದಿನಾಯಿಗಳ ಎದೆಯ ಬಿಳಿ ಮಚ್ಚೆ, ಬಿಳಿ ಪಾದ, ಬಾಲದ ಬಿಳಿ ತುದಿ ಆಗುವುದು ಹೀಗೆ. ಅತಿಯಾದರೆ ಇಡೀ ಮೈ ಬಿಳಿ, ಮೂಗು ಕೂಡ ತಿಳಿಗುಲಾಬಿ.

ಈ ಕೋಶಗಳು ಬಣ್ಣ ಕೊಡುವುದಕ್ಕಷ್ಟೇ ಇಲ್ಲ. ಒಳಗಿವಿಯ ದ್ರವದಲ್ಲಿ ಪೊಟ್ಯಾಸಿಯಂ ಪ್ರಮಾಣವನ್ನು ಕಾಯುವ ಪದರಕ್ಕೂ ಅವು ಬೇಕು. ಅವಿಲ್ಲದೆ ಹೋದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಕೇಳಿಸಿಕೊಳ್ಳುವ ಕೋಶಗಳು ಸಾಯುತ್ತವೆ. ಡಾಲ್ಮೇಷಿಯನ್ ತಳಿಯಲ್ಲಿ ಒಂದು ಅಥವಾ ಎರಡೂ ಕಿವಿ ಕೇಳದ ನಾಯಿಗಳು ಅಮೆರಿಕದ ಎಣಿಕೆಯಲ್ಲಿ ಶೇ. 30ರ ಆಸುಪಾಸು ಇದ್ದವು. ತಮಿಳುನಾಡಿನ ರಾಜಪಾಳಯಂ ನಾಯಿಗಳಲ್ಲೂ ಕಿವುಡು ಇದೆ. ಅಲ್ಲಿಯೂ ಬಿಳಿ ಮೈ, ಗುಲಾಬಿ ಮೂಗು. ನೀಲಿ ಕಣ್ಣಿನ ಬೆಕ್ಕುಗಳು ಕಿವುಡಾಗಿರುತ್ತವೆ ಎಂದು ಡಾರ್ವಿನ್ 1859ರಲ್ಲೇ ಬರೆದಿದ್ದ.

ಈಗ ಎರಡನೆಯ ದೂರಿಗೆ ಬನ್ನಿ. ‘ಎಷ್ಟ ಒದರಿದ್ರೂ ಕೇಳೂದಿಲ್ರೀ’ ಎನ್ನುವ ಮಾತು ಕೆಲವು ಬಿಳಿ ನಾಯಿಗಳ ವಿಷಯದಲ್ಲಿ ಅಕ್ಷರಶಃ ನಿಜ. ಗುಲಾಬಿ ಮೂಗಿನ, ತೆಳು ಬಣ್ಣದ ಕಣ್ಣಿನ ಅಚ್ಚ ಬಿಳಿ ಮರಿ ಮಾತು ಕೇಳದಿದ್ದರೆ ಹಟಮಾರಿ ಎನ್ನುವ ಮೊದಲು ಅದರ ಕಿವಿ ನೋಡಿ. ಅದು ಬೇರೆ ಕಡೆ ಮುಖ ಮಾಡಿ ಕೂತಾಗ ಹಿಂದಿನಿಂದ ಒಂದು ಬೀಗದ ಕೈ ಗೊಂಚಲು ಅಲುಗಿಸಿ. ನೆಲ ಅದುರಬಾರದು, ಗಾಳಿ ಬೀಸಬಾರದು, ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಹಲವು ಸಲ ಮಾಡಿದರೂ ಕಿವಿ ಹೊರಳದಿದ್ದರೆ ಪಶುವೈದ್ಯರನ್ನು ಕಾಣಿ. ಒಂದೇ ಕಿವಿ ಕೇಳದ ನಾಯಿ ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಪೂರ್ತಿ ಕಿವುಡು ನಾಯಿಯೂ ಕೈಸನ್ನೆಯಲ್ಲಿ ಎಲ್ಲವನ್ನೂ ಕಲಿಯುತ್ತದೆ. ರಸ್ತೆಗೆ ಮಾತ್ರ ಹಗ್ಗವಿಲ್ಲದೆ ಬಿಡಬಾರದು.

ಬಿಳುಪಿಗೂ ಸಾಧು ಸ್ವಭಾವಕ್ಕೂ ಇನ್ನೂ ಆಳದ ಒಂದು ನಂಟು ಇರಬಹುದೆಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. 1959ರಲ್ಲಿ ಸೋವಿಯತ್ ನಾಡಿನ ನೊವೊಸಿಬಿರ್ಸ್ಕ್‌ನಲ್ಲಿ ದಿಮಿತ್ರಿ ಬೆಲ್ಯಾಯೆವ್ ಒಂದು ಪ್ರಯೋಗ ಶುರುಮಾಡಿದ; ಲ್ಯುದ್ಮಿಲಾ ತ್ರುತ್ ಅದನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. ತುಪ್ಪಳಕ್ಕಾಗಿ ಸಾಕಿದ ನರಿಗಳಲ್ಲಿ ಮನುಷ್ಯನ ಕೈಗೆ ಅಂಜದವನ್ನು, ಕಚ್ಚದವನ್ನು ಮಾತ್ರ ಆರಿಸಿ ಮರಿ ಮಾಡಿಸಿದರು. ಬಣ್ಣ, ರೂಪ ಯಾವುದನ್ನೂ ನೋಡಲಿಲ್ಲ. ಕೆಲವೇ ಪೀಳಿಗೆಗಳಲ್ಲಿ ಜನರ ಹಿಂದೆ ಬಾಲ ಅಲ್ಲಾಡಿಸುತ್ತ ಬರುವ ನರಿಗಳು ಹುಟ್ಟಿದವು. ಜೊತೆಗೆ ಹಣೆಯ ಮೇಲೆ ಬಿಳಿ ಚುಕ್ಕೆ, ಇಳಿಬಿದ್ದ ಕಿವಿ, ಸುರುಳಿ ಬಾಲ ಕಂಡವು. 2014ರಲ್ಲಿ ವಿಲ್ಕಿನ್ಸ್, ರ‍್ಯಾಂಗಮ್, ಫಿಚ್ ಎಂಬ ಮೂವರು ಇದಕ್ಕೊಂದು ವಿವರಣೆ ಮುಂದಿಟ್ಟರು. ಅಂಜಿಕೆ, ಸಿಟ್ಟಿನ ಹಾರ್ಮೋನು ಸುರಿಸುವ ಅಡ್ರಿನಲ್ ಗ್ರಂಥಿಯ ಒಳಭಾಗವೂ ಬಣ್ಣದ ಕೋಶಗಳೂ ಹುಟ್ಟುವುದು ಅದೇ ನ್ಯೂರಲ್ ಕ್ರೆಸ್ಟ್‌ನಿಂದ. ಅಂಜಿಕೆ ಕಡಿಮೆ ಇರುವ ಪ್ರಾಣಿಗಳನ್ನು ಆರಿಸುತ್ತ ಹೋದರೆ ಆ ಮೂಲ ಕೋಶಗಳ ಚುರುಕು ಕೊಂಚ ತಗ್ಗುತ್ತದೆ, ಅದರೊಂದಿಗೆ ಮೈಮೇಲೆ ಬಿಳಿ ಮೂಡುತ್ತದೆ ಎಂಬುದು ಅವರ ವಾದ.

ಈ ವಾದ ಇನ್ನೂ ಇತ್ಯರ್ಥವಾಗಿಲ್ಲ. ಆ ನರಿಗಳ ಮೂಲ ಕೆನಡಾದ ಫಾರ್ಮುಗಳಲ್ಲಿತ್ತು, ಬಿಳಿ ಚುಕ್ಕೆ ಅಲ್ಲಿಂದಲೇ ಬಂದಿತ್ತು ಎಂದು ಈಚಿನ ವರ್ಷಗಳಲ್ಲಿ ಆಕ್ಷೇಪ ಬಂದಿದೆ, ಆಕ್ಷೇಪದಲ್ಲಿ ಹುರುಳಿದೆ. ಆದರೆ ನರಿಗಳ ಅಂಜಿಕೆ ಆಯ್ಕೆಯಿಂದ ಇಳಿಯಿತು ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಮನುಷ್ಯನ ಕೈಗೆ ಅಂಜದಿರುವುದು ಸಾಕುಪ್ರಾಣಿಯ ಮೊದಲ ಗುಣ. ಆ ಗುಣವನ್ನು ಪೀಳಿಗೆಗಳು ಅರ್ಧ ಕಟ್ಟಿಕೊಟ್ಟಿವೆ, ಉಳಿದರ್ಧವನ್ನು ಮರಿಯ ಮೊದಲ ವಾರಗಳಲ್ಲಿ ನಾವು ಕಟ್ಟಬೇಕು.

ಇನ್ನು ಮಣ್ಣು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಕಣಗಳು ಎರಡು ಮೈಕ್ರಾನಿಗಿಂತ ಸಣ್ಣವು, ತೆಳು ಪದರಗಳ ನಡುವೆ ನೀರು ಹೀರಿಕೊಂಡು ಉಬ್ಬುತ್ತವೆ. ಹಸಿಯಾಗಿದ್ದಾಗ ಜಿಗುಟು, ಒಣಗಿದಾಗ ಕುಗ್ಗಿ ಬಿರುಕು. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುವುದು ಇದೇ ಗುಣದಿಂದ. ನಾಯಿಯ ಕೂದಲ ಮೇಲೂ ಅದು ಹೀಗೇ ನಡೆದುಕೊಳ್ಳುತ್ತದೆ. ಕೂದಲಿನ ಹೊರಮೈ ನಾಡಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹಾಸಿದ ಚಿಪ್ಪುಗಳಿಂದಾಗಿದೆ, ಅದರ ಮೇಲೆ ಚರ್ಮದಿಂದ ಬಂದ ಜಿಡ್ಡಿನ ತೆಳು ಲೇಪವಿದೆ. ಮಣ್ಣು ಒಣಗಿ ಕುಗ್ಗುವಾಗ ಆ ಲೇಪವನ್ನು ಬಿಟ್ಟು ತಾನೇ ಒಡೆದುಕೊಳ್ಳುತ್ತದೆ. ಹಸಿ ಇರುವಾಗ ಉಜ್ಜಿದರೆ ಜೇಡಿ ಒಳಗೂದಲಿಗೆ ಇಳಿದು ಚರ್ಮದವರೆಗೂ ಹೋಗುತ್ತದೆ.

ಆದ್ದರಿಂದ ಕೆಸರಲ್ಲಿ ಹೊರಳಿ ಬಂದ ಬಿಳಿ ನಾಯಿಗೆ ಮೊದಲ ಉಪಚಾರ ಏನೂ ಮಾಡದಿರುವುದು. ಕಟ್ಟೆಯ ಮೇಲೆ ಒಂದು ಗೋಣಿತಟ್ಟು ಹಾಸಿ, ಕಟ್ಟಿಹಾಕಿ, ನೆರಳಲ್ಲಿ ಒಣಗಲು ಬಿಡಿ. ಒಂದೆರಡು ತಾಸು ಸಾಕು. ಆಮೇಲೆ ಬೆರಳಿನಿಂದ ಹೆಂಟೆಗಳನ್ನು ಹಿಸುಕಿ ಪುಡಿ ಮಾಡಿ, ಅಗಲ ಹಲ್ಲಿನ ಹಣಿಗೆಯನ್ನು ಕೂದಲ ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಬುಡದ ಕಡೆ ತನ್ನಿ. ಕಪ್ಪು ಪುಡಿ ತಟ್ಟಿನ ಮೇಲೆ ಉದುರುವುದು ಕಾಣುತ್ತದೆ. ಉಳಿದ ಮಾಸಲನ್ನು ಒದ್ದೆ ಬಟ್ಟೆಯಲ್ಲಿ ಕೂದಲು ಮಲಗಿದ ದಿಕ್ಕಿಗೆ ಒರೆಸಿದರೆ ಮುಗಿಯಿತು. ಮಸಾರಿಯ ಕೆಂಪು ಕಬ್ಬಿಣದ ಆಕ್ಸೈಡಿನದು, ಅದು ನಯವಾದ ಧೂಳಾಗಿ ಕೂರುತ್ತದೆ. ಅದಕ್ಕೂ ಒಣ ಹಣಿಗೆಯೇ ಮೊದಲು.

ಜಳಕ ತಿಂಗಳಿಗೊಮ್ಮೆ ಸಾಕು. ಮುಧೋಳದಂಥ ಗಿಡ್ಡ ಕೂದಲಿನ ನಾಯಿಗೆ ಅಷ್ಟೂ ಬೇಕಿಲ್ಲ, ಒರಟು ಬಟ್ಟೆಯಿಂದ ಮೈ ತಿಕ್ಕಿದರೆ ಹೊಳೆಯುತ್ತದೆ. ನಮ್ಮ ಹೊರಚರ್ಮದಲ್ಲಿ ಹತ್ತು ಹದಿನೈದು ಸಾಲು ಕೋಶಗಳಿದ್ದರೆ ನಾಯಿಯದರಲ್ಲಿ ಮೂರರಿಂದ ಐದು. ನಮ್ಮ ಚರ್ಮ ಆಮ್ಲೀಯ, ಪಿಎಚ್ 5ರ ಆಸುಪಾಸು. ನಾಯಿಯದು 7ರ ಸುತ್ತಮುತ್ತ. ಮೈಸಾಬೂನಿನ ಪಿಎಚ್ 9ರಿಂದ 10. ದಿನಾ ಸಾಬೂನು ಹಚ್ಚಿದರೆ ಜಿಡ್ಡಿನ ಲೇಪ ಹೋಗಿ, ಚರ್ಮ ಒಣಗಿ, ತುರಿಕೆ ಶುರುವಾಗುತ್ತದೆ. ಲೇಪ ಹೋದ ಕೂದಲಿಗೆ ಕೊಳೆ ಮೊದಲಿಗಿಂತ ಬೇಗ ಹತ್ತುತ್ತದೆ. ಹೀಗಾಗಿ ಹೆಚ್ಚು ತೊಳೆಯುವ ಮನೆಯ ಬಿಳಿ ನಾಯಿಯೇ ಹೆಚ್ಚು ಮಾಸಿರುತ್ತದೆ.

ನೀರಿನದೂ ಒಂದು ಪಾಲಿದೆ. ಕಲಾದಗಿ, ಲೋಕಾಪುರ, ಬಾಗಲಕೋಟೆಯ ಈ ಸೀಮೆಯಲ್ಲಿ ಸುಣ್ಣಕಲ್ಲು ಧಾರಾಳ. ಸಿಮೆಂಟ್ ಕಾರ್ಖಾನೆಗಳು ಬಂದದ್ದು ಆ ಕಲ್ಲಿಗಾಗಿಯೇ. ಸುಣ್ಣಕಲ್ಲಿನ ಮೂಲಕ ಹಾದುಬಂದ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ಕರಗದ ಜಿಗುಟು ಗಸಿಯಾಗುತ್ತದೆ, ಬಕೆಟ್ಟಿನ ಅಂಚಿಗೆ ಕೂರುವ ಬೂದುಬಣ್ಣದ ಪಟ್ಟಿ ಅದೇ. ನಾಯಿಯ ಕೂದಲಲ್ಲಿ ಅದು ಉಳಿದರೆ ಬಿಳಿ ಮಂಕಾಗುತ್ತದೆ. ನಾಯಿಗಳಿಗೆಂದೇ ಮಾಡಿದ ಶಾಂಪೂಗಳು ಹೆಚ್ಚಾಗಿ ಸಾಬೂನಲ್ಲದ ಮಾರ್ಜಕಗಳಿಂದ ತಯಾರಾಗುತ್ತವೆ, ಅವು ಗಡಸು ನೀರಲ್ಲೂ ಗಸಿಯಾಗುವುದಿಲ್ಲ. ಶಾಂಪೂವನ್ನು ಒಂದು ಚರಿಗೆ ನೀರಿನಲ್ಲಿ ಕಲಸಿ ಹಚ್ಚಿ, ಐದು ನಿಮಿಷ ಬಿಟ್ಟು, ಹಚ್ಚಿದ್ದಕ್ಕಿಂತ ಎರಡು ಪಟ್ಟು ಹೊತ್ತು ತೊಳೆಯಿರಿ. ಹಿಡಿದಿಟ್ಟ ಮಳೆನೀರಿದ್ದರೆ ಕೊನೆಯ ಬಕೆಟ್ಟಿಗೆ ಅದನ್ನು ಬಳಸಿ.

ಹಣಿಗೆ ಹಾಕದೆ ಜಳಕ ಮಾಡಿಸಬಾರದು. ಸ್ಪಿಟ್ಜ್‌ಗೆ ಎರಡು ಪದರ ಕೂದಲು: ಮೇಲೆ ಉದ್ದ, ಒರಟು, ಒಳಗೆ ದಟ್ಟ, ಮೆತ್ತಗೆ. ಒಳಗಿನದು ಗಂಟಾಗಿದ್ದಾಗ ನೀರು ಬಿದ್ದರೆ ಆ ಗಂಟು ಬಿಗಿದು ಕಂಬಳಿಯಾಗುತ್ತದೆ, ಅಡಿಯಲ್ಲಿ ತೇವ ನಿಲ್ಲುತ್ತದೆ. ತೇವದಲ್ಲಿ ಮಲಸೇಜಿಯಾ ಎಂಬ ಯೀಸ್ಟ್ ಬೆಳೆದು ಹುಳಿ ವಾಸನೆ, ಕಂದು ಕಲೆ, ಕೆಂಪು ಹುಣ್ಣು ತರುತ್ತದೆ. ಬಿಸಿಲೇರಿದ ಮೇಲೆ ಜಳಕ ಮಾಡಿಸಿ, ಸಂಜೆಯೊಳಗೆ ಬುಡದವರೆಗೂ ಒಣಗಿರಬೇಕು. ಒಣಗಿತೋ ಇಲ್ಲವೋ ಎಂಬುದು ಮೇಲಿನ ಕೂದಲಿನಿಂದ ತಿಳಿಯದು. ಕತ್ತಿನ ಹಿಂದೆ, ತೊಡೆಯ ಹಿಂದೆ ಬೆರಳಿಳಿಸಿ ಚರ್ಮ ಮುಟ್ಟಿ ನೋಡಬೇಕು.

ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದಾಗ ‘ಪಾಪ, ಸೆಕಿ ಆಗತೈತಿ’ ಎಂದು ಸ್ಪಿಟ್ಜ್‌ನ ಮೈ ಬೋಳಿಸುವವರುಂಟು. ದಯಮಾಡಿ ಬೇಡ. ನಾಯಿ ಮೈಯಿಂದ ಬೆವರಿ ತಂಪಾಗುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಡುವುದೇ ಅದರ ದಾರಿ, ಬೆವರುವುದು ಪಾದದ ಅಡಿಯಲ್ಲಿ ಮಾತ್ರ. ಬಿಳಿ ಮೇಲ್ಗೂದಲು ಬಿಸಿಲನ್ನು ತಡೆಯುತ್ತದೆ, ಅದರಡಿಯ ಗಾಳಿ ಶಾಖವನ್ನು ಒಳಗೆ ಬಿಡುವುದಿಲ್ಲ. ಬೋಳಿಸಿದರೆ ಚರ್ಮ ಸುಡುತ್ತದೆ. ಈ ತಳಿಗಳಲ್ಲಿ ಕತ್ತರಿಸಿದ ಕೂದಲು ತಿಂಗಳುಗಟ್ಟಲೆ ಮರಳಿ ಬಾರದಿರುವುದೂ ಉಂಟು. ಉದುರಿದ ಒಳಗೂದಲನ್ನು ಹಣಿಗೆಯಿಂದ ತೆಗೆದರೆ ಗಾಳಿ ಆಡುತ್ತದೆ, ಅಷ್ಟು ಸಾಕು.

ಬಿಳಿ ಮೈಯ ದೊಡ್ಡ ಅನುಕೂಲವೆಂದರೆ ಒಳಗಿನ ತೊಂದರೆ ಬೇಗ ಹೊರಗೆ ಕಾಣುವುದು. ಕಣ್ಣಿನ ಕೆಳಗೆ ಇಳಿಯುವ ಕೆಂಗಂದು ಗೆರೆ ಪಾರ್ಫಿರಿನ್‌ನದು. ಹಳೆಯ ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಈ ವಸ್ತು ಕಣ್ಣೀರು, ಜೊಲ್ಲಿನಲ್ಲೂ ಬರುತ್ತದೆ, ಬೆಳಕಿಗೆ ಗಾಢವಾಗುತ್ತದೆ. ಕಪ್ಪು ನಾಯಿಯ ಕಣ್ಣೀರಲ್ಲೂ ಅದಿದೆ, ಕಾಣುವುದಿಲ್ಲ ಅಷ್ಟೆ. ಗೆರೆ ಒಮ್ಮೆಲೆ ಹೆಚ್ಚಾದರೆ ಕಣ್ಣೀರಿನ ನಾಳ ಕಟ್ಟಿದೆಯೋ, ರೆಪ್ಪೆಗೂದಲು ಒಳಗೆ ಚುಚ್ಚುತ್ತಿದೆಯೋ ತೋರಿಸಬೇಕು. ಈ ಕಲೆ ಹೋಗಲೆಂದು ಆಂಟಿಬಯಾಟಿಕ್ ಪುಡಿ ತಿನ್ನಿಸುವ ರೂಢಿ ಕೆಲವೆಡೆ ಇದೆ. ಅಂದಕ್ಕಾಗಿ ಆಂಟಿಬಯಾಟಿಕ್ ಕೊಡುವುದು ಆ ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಸಾಕಿದಂತೆ. ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ದಿನಕ್ಕೊಮ್ಮೆ ಒರೆಸಿ, ಒಣಗಿಸಿ.

ಪಾದದ ಮೇಲೆ ಅದೇ ಕೆಂಗಂದು ಕಂಡರೆ ನಾಯಿ ಆ ಜಾಗ ನೆಕ್ಕುತ್ತಿದೆ ಎಂದರ್ಥ. ನೆಕ್ಕುವುದಕ್ಕೆ ಕಾರಣ ತುರಿಕೆ. ತುರಿಕೆಗೆ ಕಾರಣ ಚಿಗಟ, ಅಲರ್ಜಿ, ಬೆರಳ ಸಂದಿಯಲ್ಲಿ ಸಿಕ್ಕಿದ ಹುಲ್ಲಿನ ಮುಳ್ಳು, ಅಥವಾ ಉಣ್ಣಿ. ಉಣ್ಣಿಯ ಮಾತು ಬಂದರೆ ಅಸಡ್ಡೆ ಮಾಡಬಾರದು. ನಾಯಿಯ ಕಂದು ಉಣ್ಣಿ ತನ್ನ ಬಾಳಿನ ಬಹುಪಾಲು ಕಳೆಯುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಮರಿ, ಎಳೆಯದು, ಬೆಳೆದದ್ದು ಮೂರೂ ಹಂತದಲ್ಲಿ ರಕ್ತ ಕುಡಿದು ಕೆಳಗುದುರಿ, ಗೋಡೆ ಹತ್ತಿ ಸಂದಿ ಸೇರುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಮಣ್ಣು, ಕಲ್ಲಿನ ಹಳೆಯ ಗೋಡೆಗಳಲ್ಲಿ ಅದಕ್ಕೆ ಜಾಗಕ್ಕೇನೂ ಬರವಿಲ್ಲ. ಅದು ಹೊತ್ತು ತರುವ ಎರ್ಲಿಕಿಯಾ ಎಂಬ ರೋಗಾಣು ಬಿಳಿ ರಕ್ತಕಣಗಳೊಳಗೆ ಕೂತು ಜ್ವರ, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ ತರುತ್ತದೆ. ಬೇಗ ತೋರಿಸಿದರೆ ಗುಣವಾಗುತ್ತದೆ, ತಡವಾದರೆ ಕೊಲ್ಲುತ್ತದೆ. ಹೀಗಾಗಿ ನಾಯಿಗೆ ವೈದ್ಯರು ಹೇಳಿದ ಔಷಧ ಹಾಕುವ ದಿನವೇ ಅದು ಮಲಗುವ ಜಾಗದ ಗೋಡೆ, ಕಟ್ಟೆಯ ಬಿರುಕು ಮುಚ್ಚಿ ಸುಣ್ಣ ಬಳಿಯಬೇಕು. ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ನಾಯಿಯ ಮೈಗೆ ಎಂದೂ ಹಚ್ಚಬಾರದು. ಹತ್ತಿ, ತೊಗರಿಯ ಹುಳು ಕೊಲ್ಲುವ ಆ ಔಷಧಗಳಲ್ಲಿ ಹಲವು ನರಗಳ ಕೆಲಸವನ್ನೇ ಕೆಡಿಸುತ್ತವೆ, ಚರ್ಮದ ಮೂಲಕವೂ ಒಳಗೆ ಇಳಿಯುತ್ತವೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತವೆ. ಜೊಲ್ಲು, ನಡುಕ, ಉಸಿರುಗಟ್ಟಿ ಸಾವು. ತಮ್ಮ ನಾಯಿಯ ಮೇಲಿನ ಪ್ರೀತಿಯಿಂದಲೇ ಜನ ಹೀಗೆ ಮಾಡುತ್ತಾರೆ ಎಂಬುದು ನನಗೆ ಅತ್ಯಂತ ನೋವಿನ ಸಂಗತಿ.

ಬಾಗಲಕೋಟೆಯ ಹೋಳಿ ನಾಡಿಗೆಲ್ಲ ಗೊತ್ತು. ಬಣ್ಣದ ಬಂಡಿಗಳು ಓಣಿ ಓಣಿ ಸುತ್ತುತ್ತವೆ, ಹಲಗೆಯ ಸದ್ದು ದಿನಗಟ್ಟಲೆ ನಿಲ್ಲುವುದಿಲ್ಲ. ಬಿಳಿ ನಾಯಿ ಆ ದಿನ ಹುಡುಗರ ಕಣ್ಣಿಗೆ ಬಿದ್ದರೆ ಮುಗಿಯಿತು. ಹೊತ್ತು ಮುಂಚೆ ಹೊರಗೆ ಒಯ್ದು ತಂದು, ಒಳಗಿನ ಕೋಣೆಯಲ್ಲಿ ಇರಿಸುವುದೇ ಸರಿ. ಸದ್ದಿಗೂ ಅದೇ ಪರಿಹಾರ. ಹಾಗಿದ್ದೂ ಬಣ್ಣ ಬಿದ್ದರೆ ಕೂಡಲೇ ನೀರು ಹಾಕಬೇಡಿ. ಪುಡಿ ಬಣ್ಣ ನೀರಿಗೆ ಕರಗಿ ಕೂದಲೊಳಗೆ ಇಳಿಯುತ್ತದೆ. ಮೊದಲು ನಾಯಿ ನೆಕ್ಕದಂತೆ ನೋಡಿಕೊಂಡು ಒಣಗಿದ್ದಾಗಲೇ ಕೊಡವಿ, ಹಣಿಗೆ ಹಾಕಿ, ಆಮೇಲೆ ಶಾಂಪೂ. ಉಳಿದ ಬಣ್ಣ ಕೂದಲು ಉದುರುವಾಗ ಹೋಗುತ್ತದೆ. ಸೀಮೆಎಣ್ಣೆ, ಬ್ಲೀಚಿಂಗ್ ಪುಡಿ, ಬಟ್ಟೆಯ ನೀಲಿ, ಇವು ಯಾವುವೂ ನಾಯಿಯ ಚರ್ಮಕ್ಕೆ ತಾಗಬಾರದು.

ಈಗ ನಡತೆ. ಮರಿಯ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ದಿನಗಳು ಅದರ ಇಡೀ ಬಾಳಿನ ಸ್ವಭಾವವನ್ನು ತಿದ್ದುತ್ತವೆ ಎಂದು ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ತೋರಿಸಿದರು. ಆ ದಿನಗಳಲ್ಲಿ ಕಂಡ ಮನುಷ್ಯರು, ಸದ್ದು, ಸ್ಪರ್ಶ ಅದಕ್ಕೆ ಸಹಜವಾಗುತ್ತವೆ, ಕಾಣದ್ದು ಮುಂದೆ ಅಂಜಿಕೆಯಾಗುತ್ತದೆ. ಮುಧೋಳ ನಾಯಿ ಅಪರಿಚಿತರು ಮುಟ್ಟಿದರೆ ಸಹಿಸುವುದಿಲ್ಲ ಎಂಬ ಮಾತಿದೆ. ಆ ತಳಿಯ ಸ್ವಭಾವ ಅದರಲ್ಲಿ ಇದ್ದೇ ಇದೆ, ಆದರೆ ಹೊಲದ ಮನೆಯಲ್ಲಿ ಕಟ್ಟಿಹಾಕಿ ಬೆಳೆಸಿದ ಮರಿಗೆ ಹೊಸಬರ ಕೈ ಎಂದರೆ ಏನೆಂದು ತಿಳಿಯುವುದಾದರೂ ಹೇಗೆ?

ಹಣಿಗೆಗೆ ಒಗ್ಗಿಸುವ ಕೆಲಸ ಹೀಗಿರಲಿ. ಮೊದಲ ದಿನ ಹಣಿಗೆ ನೆಲದ ಮೇಲಿಡಿ, ಮರಿ ಮೂಸಿದ ಕೂಡಲೇ ಒಂದು ಚೂರು ಬೆಂದ ಮೊಟ್ಟೆ. ಮರುದಿನ ಹಣಿಗೆಯ ಬೆನ್ನಿನಿಂದ ಹೆಗಲು ಮುಟ್ಟಿ, ಮತ್ತೊಂದು ಚೂರು. ಆಮೇಲೆ ಒಂದು ಎಳೆತ, ಒಂದು ಚೂರು. ಪಾದ ಕೈಯಲ್ಲಿ ಹಿಡಿದು ಬಿಡುವುದು, ಕಿವಿ ಮಡಚಿ ನೋಡುವುದು, ತುಟಿ ಎತ್ತಿ ಹಲ್ಲು ನೋಡುವುದು, ಎಲ್ಲವೂ ಹೀಗೇ. ಮರಿ ಹಿಂದೆ ಸರಿದರೆ ಹಿಂದಿನ ಹಂತಕ್ಕೆ ಹೋಗಿ. ಸೇಂಟ್ ಪೀಟರ್ಸ್‌ಬರ್ಗ್‌ನ ಪಾವ್ಲೊವ್‌ಗೆ ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಬಂದಿತ್ತು. ಊಟದ ಮುಂಚಿನ ಸದ್ದಿಗೇ ನಾಯಿಗೆ ಜೊಲ್ಲು ಸುರಿಯುವುದನ್ನು ಆತ ಅದೇ ಕೆಲಸದ ನಡುವೆ ಗಮನಿಸಿದ್ದ. ಇಲ್ಲಿ ಹಣಿಗೆಯೇ ಆ ಸದ್ದು. ಅದು ಯಾವುದರ ಮುಂಚೆ ಬರುತ್ತದೆ ಎಂಬುದರ ಮೇಲೆ ನಾಯಿ ಅದನ್ನು ಕಂಡು ಓಡಿಬರುತ್ತದೋ ಓಡಿಹೋಗುತ್ತದೋ ನಿರ್ಧಾರವಾಗುತ್ತದೆ.

ಮನೆಯೊಳಗೆ ಹೊಲಸು ಮಾಡುವುದಕ್ಕೂ ಶರೀರದ ಲೆಕ್ಕವಿದೆ. ಹೊಟ್ಟೆಗೆ ಅನ್ನ ಬಿದ್ದ ಸ್ವಲ್ಪ ಹೊತ್ತಿಗೆ ದೊಡ್ಡ ಕರುಳು ಚಲಿಸುತ್ತದೆ. ಹೀಗಾಗಿ ಉಂಡ ಮೇಲೆ, ನಿದ್ದೆಯಿಂದ ಎದ್ದ ಮೇಲೆ, ಆಡಿದ ಮೇಲೆ ಮರಿಯನ್ನು ಹಿತ್ತಲಿಗೆ ಒಯ್ಯಬೇಕು, ಕೆಲಸ ಮುಗಿದ ಕ್ಷಣದಲ್ಲೇ ಶಹಬ್ಬಾಸ್ ಎನ್ನಬೇಕು. ಒಳಗೆ ಮಾಡಿದರೆ ಮೂಗು ಒತ್ತಿ ಹೊಡೆಯುವ ಹಳೆಯ ಕ್ರಮ ಮರಿಗೆ ಕಲಿಸುವುದು ಒಂದನ್ನೇ, ಮನುಷ್ಯರ ಕಣ್ಮುಂದೆ ಮಾಡಬಾರದು ಎಂಬುದನ್ನು. ಆಮೇಲೆ ಅದು ಮಂಚದ ಕೆಳಗೆ ಹೋಗಿ ಮಾಡುತ್ತದೆ. ‘ತಪ್ಪು ಮಾಡೇನಿ ಅಂತ ಅದಕ್ಕ ಗೊತ್ತೈತಿ, ಮಾರಿ ನೋಡ್ರಿ’ ಎನ್ನುತ್ತಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಪ್ಪು ಮಾಡದ ನಾಯಿಗಳೂ ಬೈದಾಗ ಅದೇ ಮುಖ ಮಾಡಿದವು. ತಗ್ಗಿದ ತಲೆ, ಹಿಂದೆ ಸರಿದ ಕಿವಿ ನಮ್ಮ ಸಿಟ್ಟಿಗೆ ಅದು ಕೊಡುವ ಉತ್ತರ. ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗದರಿಸಿ ಎಳೆದಾಡಿ ಕಲಿಸಿದ ನಾಯಿಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹೆಚ್ಚಿತ್ತು.

ಒಳಗೆ ಮಾಡಿದ ಜಾಗದ ವಾಸನೆ ಹೋಗದಿದ್ದರೆ ಮರಿ ಅಲ್ಲಿಗೇ ಮರಳುತ್ತದೆ. ಪರಸಿ ಕಲ್ಲಿನ ನೆಲವಿದ್ದರೆ ವಿನೆಗರ್, ನಿಂಬೆರಸ ಬಳಸಬೇಡಿ. ಪರಸಿಯೂ ಸುಣ್ಣಕಲ್ಲೇ, ಹುಳಿಗೆ ಅದರ ಮೈ ತಿಂದುಹೋಗುತ್ತದೆ. ಫಿನಾಯಿಲ್ ಕೂಡ ಬೇಡ, ಮರಿ ಪಾದ ನೆಕ್ಕಿ ವಿಷವಾದೀತು. ಒಣ ಬಟ್ಟೆಯಿಂದ ಹೀರಿಸಿ, ಮಾರ್ಜಕದ ನೀರಲ್ಲಿ ಎರಡು ಸಲ ತೊಳೆದು, ಬಿಸಿಲು ಗಾಳಿ ಆಡಲು ಬಿಡಿ.

ಊಟದ ಮಾತನ್ನೂ ಇಲ್ಲೇ ಹೇಳಬೇಕು. ರೊಟ್ಟಿ, ಹಾಲು ಇಷ್ಟರಲ್ಲೇ ನಾಯಿ ಸಾಕುವ ಮನೆಗಳು ಬಹಳ. ಪಿಷ್ಟವನ್ನು ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದ್ದಾರೆ, ಹಾಗಾಗಿ ಜೋಳದ ರೊಟ್ಟಿ ಅದಕ್ಕೆ ಅರಗುತ್ತದೆ. ಆದರೆ ಕೂದಲು ಬಹುಪಾಲು ಪ್ರೋಟೀನು. ದಟ್ಟ ಕೂದಲಿನ ನಾಯಿ ತಿಂದ ಪ್ರೋಟೀನಿನ ದೊಡ್ಡ ಪಾಲು ಕೂದಲು, ಚರ್ಮಕ್ಕೇ ಹೋಗುತ್ತದೆ. ಮೊಟ್ಟೆ, ಮಾಂಸ, ಮೀನು ಏನೂ ಸಿಗದ ಸ್ಪಿಟ್ಜ್‌ನ ಕೂದಲು ಒಣಗಿ ತುಂಡಾಗುತ್ತದೆ, ಮಂಕಾಗುತ್ತದೆ. ಮಾಂಸಾಹಾರ ಮಾಡದ ಮನೆಯಾದರೆ ಮೊಸರು, ಪನೀರು, ಬೇಯಿಸಿದ ಬೇಳೆ ಹಾಕಿ, ಮಿಕ್ಕದ್ದನ್ನು ವೈದ್ಯರೊಡನೆ ಕೂತು ಲೆಕ್ಕ ಹಾಕಿ. ಈರುಳ್ಳಿ ಬಿದ್ದ ಸಾರು, ಒಣದ್ರಾಕ್ಷಿ ಮಾತ್ರ ಬೇಡ. ಮೊದಲನೆಯದು ಕೆಂಪು ರಕ್ತಕಣ ಒಡೆಯುತ್ತದೆ, ಎರಡನೆಯದು ಮೂತ್ರಪಿಂಡ ಕೆಡಿಸುತ್ತದೆ.

ಕೊನೆಯದಾಗಿ ಬಾಗಿಲ ಮಾತು. ಶನಿವಾರ ಹನಮಪ್ಪನಿಗೆ ಬಂದ ನೆಂಟರು ಮನೆಗೂ ಬರುತ್ತಾರೆ, ನಾಯಿ ಕೆಸರುಗಾಲಲ್ಲಿ ಅವರ ಧೋತರದ ಮೇಲೆ ಹಾರುತ್ತದೆ. ನಾಯಿ ಹಾರುವುದು ಮುಖದ ಹತ್ತಿರ ಬರಲು. ಮರಿಗಳು ತಾಯಿಯ ಬಾಯಿ ನೆಕ್ಕಲು ಹಾರುವ ರೂಢಿ ಅದು. ಕೈಯಿಂದ ತಳ್ಳಿದರೂ ಅದಕ್ಕೆ ಆಟವೇ. ಹಾರಿದಾಗ ಬೆನ್ನು ತಿರುಗಿಸಿ, ಮಾತಾಡಬೇಡಿ. ನಾಲ್ಕೂ ಕಾಲು ನೆಲಕ್ಕೆ ಬಂದ ಕೂಡಲೇ ಬಗ್ಗಿ ಮೈ ಸವರಿ. ‘ಕುಂದ್ರು’ ಎಂದರೆ ಕೂರುವುದನ್ನು ಹೊಸ್ತಿಲ ಹೊರಗಿನ ತಟ್ಟಿನ ಮೇಲೆಯೇ ಕಲಿಸಿ. ಕೂತಾಗ ಒಂದೊಂದೇ ಕಾಲು ಎತ್ತಿ ಒರೆಸಿ, ಕೊನೆಯ ಕಾಲು ಮುಗಿದ ಮೇಲೆ ಒಳಗೆ ಬಿಡಿ. ಒಳಗೆ ಹೋಗಲು ಸಿಗುವ ಅನುಮತಿಯೇ ಅದಕ್ಕೆ ಬಹುಮಾನ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅವ್ವ ‘ಕುಂದ್ರು’ ಎಂದು, ಮಗ ‘ಸಿಟ್’ ಎಂದು, ಅಜ್ಜ ಸುಮ್ಮನೆ ಬಾಗಿಲು ತೆಗೆದು ಒಳಗೆ ಬಿಟ್ಟರೆ ಮರಿ ಅಜ್ಜನ ಪಾಠವನ್ನೇ ಮೊದಲು ಕಲಿಯುತ್ತದೆ. ಆದ್ದರಿಂದ ಈ ತರಬೇತಿಯನ್ನು ಅಜ್ಜನಿಂದಲೇ ಶುರುಮಾಡಿಸುವುದು ಒಳ್ಳೆಯದು. ಹಗಲೆಲ್ಲ ಕಟ್ಟೆಯ ಮೇಲೆ ಕೂತಿರುವವರು ಅವರೇ, ನಾಯಿ ಹೆಚ್ಚು ಸಲ ಕಾಲಿಡುವುದೂ ಅವರ ಎದುರಿಗೇ.